ವಿಜಯದಶಮಿಯಂದು ಪಾಜಕದಲ್ಲಿ

ನಾಡಿನ ಉಳಿದೆಡೆ ವಿಜಯದಶಮಿಯೆಂದರೆ ಬನ್ನಿಯ ಹಬ್ಬ. ಉಡುಪಿಯವರಿಗೆ ಅದು ಮಧ್ವ ಜಯಂತಿಯೂ ಹೌದು. 13ನೆಯ ಶತಮಾನದಲ್ಲಿ ದ್ವೈತ ಮತದ ಮಧ್ವಾಚಾರ್ಯರು ವಾಸುದೇವನೆಂಬ ಬಾಲಕನಾಗಿ ಆಡಿ ಬೆಳೆದ ಪಾಜಕ ಕ್ಷೇತ್ರವು ಉಡುಪಿಯಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ, ದುರ್ಗೆ ನೆಲೆಸಿದ ಕುಂಜಾರುಗಿರಿಯ ಬಳಿಯಲ್ಲಿದೆ. ತಂದೆ ಮಧ್ಯಗೇಹ ಭಟ್ಟರು ಮಗನಿಗೆ ಅಕ್ಷರ ಕಲಿಸಿದ ನೆಲವೆಂಬ ನಂಬಿಕೆಯಿಂದ ಇಲ್ಲಿಗೆ ಪುಟ್ಟ ಮಕ್ಕಳನ್ನು ವಿದ್ಯಾರಂಭಕ್ಕೆ ಕರೆತರುವವರಿದ್ದಾರೆ. ಒಂದೇ ಹೈಸ್ಕೂಲಿನಲ್ಲಿ ಓದಿದ ನಾವು ಕೆಲವರು ಈ ಸಲ ಅಲ್ಲಿಗೆ ಹೋದದ್ದು, ಎಂಬತ್ತು ದಾಟಿ ಹಾಸಿಗೆ ಹಿಡಿದಿರುವ ನಮ್ಮ ಗಣಿತದ ಮಾಸ್ಟ್ರ ಆರೋಗ್ಯಕ್ಕಾಗಿ ಒಂದು ಸೇವೆ ಮಾಡಿಸಲು.

ಚೀಟಿ ಬರೆಯುವವರು ಹೆಸರು ಕೇಳಿದರು, ಹೇಳಿದೆವು. ನಕ್ಷತ್ರ, ರಾಶಿ ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡಿದೆವು. ಮನೆಗೆ ಫೋನು ಮಾಡಿ ಕೇಳಬಹುದಿತ್ತು. ಆದರೆ ವಿಷಯ ಮಾಸ್ಟ್ರ ಕಿವಿಗೆ ಬಿದ್ದರೆ ‘ನಿಮಗೆ ಬೇರೆ ಕೆಲಸ ಇಲ್ವಾ?’ ಎಂಬ ಅದೇ ಗುಡುಗು ಕೇಳಿಸುತ್ತದೆಂದು ಯಾರಿಗೂ ಧೈರ್ಯ ಬರಲಿಲ್ಲ. ಐವತ್ತು ದಾಟಿದವರು ನಾವು!

ಸರದಿಗಾಗಿ ಅಂಗಳದಲ್ಲಿ ಕಾಯುತ್ತಿದ್ದಾಗ, ಮಲ್ಪೆಯಿಂದ ಬಂದಿದ್ದ ಗೆಳೆಯ ತಾನಾಗಿಯೇ ಮಾತು ತೆಗೆದ. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಶಾಲೆಯ ಫೀಸು ಕಟ್ಟಬೇಕಾದದ್ದೂ ಆಗಲೇ. ಅವನ ತಂದೆಯ ಕೈ ಬರಿದಾಗಿದ್ದ ಆ ಜೂನ್ ತಿಂಗಳಲ್ಲಿ ಮಾಸ್ಟ್ರು ಅವನನ್ನು ಆಫೀಸಿನ ಹೊರಗೆ ನಿಲ್ಲಿಸಿ, ‘ನಿನ್ನ ಫೀಸು ಸಂದಾಯವಾಗಿದೆ, ಗುಮಾಸ್ತರು ಬರೆಯಲು ಮರೆತಿದ್ದರು, ಹೋಗು’ ಎಂದು ಗದರಿಸಿ ಕಳುಹಿಸಿದ್ದರಂತೆ. ಕಟ್ಟದ ಫೀಸು ಹೇಗೆ ಸಂದಾಯವಾಯಿತೆಂದು ಕೇಳುವ ಎದೆಗಾರಿಕೆ ಹುಡುಗನಿಗೆಲ್ಲಿಯದು?

ಆಮೇಲೆ ಮಾತನಾಡಿದವಳು, ನಮ್ಮ ತರಗತಿಯಲ್ಲಿ ದಿನವೂ ತೂಕಡಿಸಿ ಬೈಸಿಕೊಳ್ಳುತ್ತಿದ್ದ ಹುಡುಗಿ. ತಾಯಿಯೊಂದಿಗೆ ರಾತ್ರಿ ಬಹಳ ಹೊತ್ತು ಬೀಡಿ ಕಟ್ಟಿ, ಬೆಳಿಗ್ಗೆ ಎಲೆಯ ವಾಸನೆ ಆರದ ಬೆರಳುಗಳಲ್ಲೇ ಪುಸ್ತಕ ಬಿಡಿಸುತ್ತಿದ್ದ ಆಕೆಗೆ ಮನೆಲೆಕ್ಕ ಮಾಡಲು ಸಮಯವೇ ಸಿಗುತ್ತಿರಲಿಲ್ಲ. ಒಂದು ದಿನ ಮಾಸ್ಟ್ರು ಆ ಬೆರಳುಗಳನ್ನು ನೋಡಿದರು, ಏನೂ ಕೇಳಲಿಲ್ಲ. ಮರುದಿನದಿಂದ ಬೆಳಗಿನ ಬದಲು ಮಧ್ಯಾಹ್ನದ ಬಿಡುವಿನ ಬಳಿಕ ಎಲ್ಲರ ಪುಸ್ತಕ ನೋಡತೊಡಗಿದರು; ಊಟದ ಹೊತ್ತಿನಲ್ಲಿ ಕುಳಿತು ಅವಳು ಲೆಕ್ಕ ಮುಗಿಸುತ್ತಿದ್ದಳು. ಆ ಬದಲಾವಣೆ ನಮಗೆಲ್ಲ ನೆನಪಿತ್ತು. ಮಾಸ್ಟ್ರಿಗೆ ವಯಸ್ಸಾಯಿತು, ಹುರುಪು ಇಳಿಯಿತು ಎಂದು ನಾವು ನಕ್ಕದ್ದೂ ನೆನಪಿತ್ತು. ಒಬ್ಬಳಿಗಾಗಿ ಇಡೀ ತರಗತಿಯ ನಿಯಮವನ್ನೇ ಬದಲಿಸಿ, ಅದು ಒಬ್ಬಳಿಗಾಗಿ ಎಂದು ಯಾರಿಗೂ ತಿಳಿಯದಂತೆ ನೋಡಿಕೊಂಡಿದ್ದರು.

ಹಾಗೆಂದು ಬೆತ್ತದ ಪೆಟ್ಟನ್ನು ಈಗ ಗುರುಪ್ರಸಾದವೆಂದು ಕೊಂಡಾಡುವ ಹಳೆ ವಿದ್ಯಾರ್ಥಿಗಳ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಪೆಟ್ಟು ಪೆಟ್ಟೇ, ಅದರಿಂದ ಶಾಲೆ ಬಿಟ್ಟವರೂ ನಮ್ಮ ಊರಿನಲ್ಲಿದ್ದಾರೆ. ಅಲ್ಲಿ ಕುಳಿತಾಗ ನೆನಪಾದದ್ದು ಆಚಾರ್ಯರ ಜೀವನವನ್ನು ಹೇಳುವ ಕಾವ್ಯ, ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದ ಪ್ರಸಂಗ. ಪಾಠದ ವೇಳೆ ಮನಸ್ಸು ಬೇರೆಡೆ ಇದ್ದಂತೆ ಕಂಡ ವಾಸುದೇವನನ್ನು ಉಪಾಧ್ಯಾಯರು ಗದರುತ್ತಾರೆ. ಬಾಲಕ ಒಂದಕ್ಷರ ತಪ್ಪದೆ ಪಾಠ ಒಪ್ಪಿಸುತ್ತಾನೆ. ಆಚಾರ್ಯರನ್ನು ವಾಯುದೇವರ ಅವತಾರವೆಂದು ನಂಬಿ ಬರೆದ ಕವಿ, ಅವರನ್ನು ಗದರಿದ ಉಪಾಧ್ಯಾಯರ ಸಿಟ್ಟನ್ನು ಮುಚ್ಚಿಡಲಿಲ್ಲ, ಅದನ್ನು ಲೀಲೆಯ ನೆಪವೆಂದು ಸಿಹಿಯಾಗಿಸಲೂ ಹೋಗಲಿಲ್ಲ. ಆ ಉಪಾಧ್ಯಾಯರ ಮಗನ ತಲೆನೋವನ್ನು ವಾಸುದೇವ ಕಿವಿಯಲ್ಲಿ ಗಾಳಿ ಊದಿ ವಾಸಿಮಾಡಿದ ಕಥೆಯೂ ಅದೇ ಕಾವ್ಯದಲ್ಲಿದೆ. ಗದರಿದವರ ಬಗ್ಗೆ ಶಿಷ್ಯನಲ್ಲಿ ಕಹಿ ಉಳಿಯಲಿಲ್ಲ. ಗುರುದಕ್ಷಿಣೆಯಾಗಿ ಅವನು ಕೊಟ್ಟದ್ದು ಐತರೇಯ ಉಪನಿಷತ್ತಿನ ಅರ್ಥವನ್ನು. ನಮ್ಮ ಮಾಸ್ಟ್ರ ಸಿಟ್ಟನ್ನೂ ದಯೆಯನ್ನೂ ಬೆರೆಸಿ ಒಂದೇ ಮಾಡದೆ, ಎರಡನ್ನೂ ಇದ್ದಂತೆಯೇ ದೇವರ ಮುಂದಿಡಬಹುದೆಂದು ನನಗೆ ತೋರಿದ್ದು ಈ ಕಥೆಯಿಂದ.

ಸೇವೆಯೇನೋ ಸರಳವಾಗಿ ಮುಗಿಯಿತು. ನಕ್ಷತ್ರದ ಜಾಗವನ್ನು ಖಾಲಿ ಬಿಟ್ಟು, ಹೆಸರನ್ನಷ್ಟೇ ಹೇಳಿ ಅರ್ಚಕರು ಪ್ರಾರ್ಥಿಸಿದರು. ಹಿಂದಿರುಗುವ ಮೊದಲು ದಕ್ಷಿಣೆಯ ಪ್ರಶ್ನೆ ಎದ್ದಿತು. ಮಾಸ್ಟ್ರ ಹೆಸರಿನಲ್ಲಿ ಶಾಲೆಗೊಂದು ಕಲ್ಲಿನ ಫಲಕ, ಸನ್ಮಾನ, ಶಾಲು, ಹಾರ ಎಂದೆಲ್ಲ ಸಲಹೆಗಳು ಬಂದವು. ಬೀಡಿ ಕಟ್ಟಿ ಓದಿದವಳು ಒಂದನ್ನೂ ಒಪ್ಪಲಿಲ್ಲ. ಕೊನೆಗೆ ಒಪ್ಪಿಗೆಯಾದದ್ದು ಇಷ್ಟು: ಕೂಡಿಸಿದ ಹಣವನ್ನು ಪ್ರತಿ ಜೂನ್ ಮೊದಲ ವಾರವೇ ಮುಖ್ಯೋಪಾಧ್ಯಾಯರ ಕೈಗೆ ಕೊಡುವುದು, ಯಾರಿಗೆ ಸಂದಿತೆಂದು ನಾವು ಕೇಳಬಾರದು, ಯಾರು ಕೊಟ್ಟರೆಂದು ಅವರು ಮಕ್ಕಳಿಗೆ ಹೇಳಬಾರದು. ಮಲ್ಪೆಯ ಗೆಳೆಯ ಅಲ್ಲಿಯೇ ತನ್ನ ಪಾಲನ್ನು ಎಣಿಸಿ ಕೊಟ್ಟ.