ಸುಖ ಬೇಡ ಅಂದವರಲ್ಲ ಇವರು

ಮಾರ್ಚ್ 14, 2024, ಗುರುವಾರ

ಫ್ರಾಂಕ್‌ಫರ್ಟಿನ ಚಿಂತಕರು (ಜರ್ಮನಿಯ ಆ ಊರಿನ ಒಂದು ಸಂಶೋಧನಾ ಸಂಸ್ಥೆಯ ಸುತ್ತ ಸೇರಿ ಸಮಾಜವನ್ನು ವಿಮರ್ಶಿಸಿದ ಮಾರ್ಕ್ಯೂಸ್, ಅಡೋರ್ನೊ, ಹೋರ್ಕ್‌ಹೈಮರ್ ಮುಂತಾದವರು) ಅಂದ್ರೆ ಸದಾ ಮುಖ ಗಂಟು ಹಾಕಿಕೊಂಡು ಕೂತವರು, ಅವರಿಗೆ ಯಾರ ಖುಷಿಯೂ ಸೇರುವುದಿಲ್ಲ ಅನ್ನೋ ಮಾತು ಇವತ್ತು ಮತ್ತೆ ಕಿವಿಗೆ ಬಿತ್ತು. ಹೇಳಿದವರು ಚೆನ್ನಾಗಿ ಓದಿಕೊಂಡವರು, ಅದಕ್ಕೇ ಸುಮ್ನೆ ಬಿಡೋಕೆ ಮನಸ್ಸಾಗಲಿಲ್ಲ. ನನ್ನ ಮಟ್ಟಿಗೆ, ಕಳೆದ ಶತಮಾನದಲ್ಲಿ ಸುಖದ ಪರವಾಗಿ ಇವರಷ್ಟು ಹಟ ಹಿಡಿದು ವಾದಿಸಿದವರು ಕಡಿಮೆ.

1938ನ್ನೇ ತಗೊಳ್ಳಿ. ಹಿಟ್ಲರ್ ಬಂದ ಮೇಲೆ ಜರ್ಮನಿಯಲ್ಲಿ ಬಾಗಿಲು ಮುಚ್ಚಿದ ಅವರ ಸಂಶೋಧನಾ ಸಂಸ್ಥೆ ಆಗ ನ್ಯೂಯಾರ್ಕಿನಲ್ಲಿತ್ತು. ದೇಶ ಬಿಟ್ಟು ಬಂದು ಕೂತ ಆ ಹೊತ್ತಿನಲ್ಲಿ ಹರ್ಬರ್ಟ್ ಮಾರ್ಕ್ಯೂಸ್ ಸಂಸ್ಥೆಯ ಪತ್ರಿಕೆಗೆ ಬರೆದದ್ದು ಸುಖವಾದದ ಬಗ್ಗೆ, ಅಂದ್ರೆ ಸುಖವೇ ಬದುಕಿನ ಗುರಿ ಅನ್ನೋ ವಾದದ ಬಗ್ಗೆ. ಒಳಗೆ ನೆಮ್ಮದಿ ಇದ್ದರೆ ಸಾಕು, ಹೊರಗೆ ಹೇಗಿದ್ದರೇನು ಅನ್ನೋ ಹಳೇ ಬೋಧನೆಯನ್ನು ಅವನು ಒಪ್ಪುವುದಿಲ್ಲ. ಹೊಟ್ಟೆಗಿಲ್ಲದವನಿಗೆ, ದಿನವಿಡೀ ದುಡಿದು ಹಣ್ಣಾದವನಿಗೆ ಆ ಪಾಠ ಹೇಳಿದರೆ ಹೊರಗಿನದೆಲ್ಲ ಇದ್ದ ಹಾಗೇ ಇರಲಿ ಅಂದಂತಾಯಿತು. ಸುಖ ಮೈಗೂ ಬೇಕು, ಈ ಲೋಕದಲ್ಲೇ ಬೇಕು ಅಂದ ಸುಖವಾದಿಗಳು ಅಷ್ಟರಮಟ್ಟಿಗೆ ಸರಿ. ಆದರೆ ಜನಕ್ಕೆ ಯಾವುದು ಇಷ್ಟವೋ ಅದೇ ಸುಖ ಅಂತ ಅವರು ಅಲ್ಲಿಗೇ ನಿಲ್ಲಿಸಿಬಿಟ್ಟರು, ಆ ಇಷ್ಟ ಎಲ್ಲಿಂದ ಹುಟ್ಟಿತು ಅಂತ ಕೇಳಲಿಲ್ಲ. ಇನ್ನೊಬ್ಬರನ್ನು ಕಾಲಡಿ ಹಾಕಿಕೊಂಡಾಗ ಸಿಗುವ ಖುಷಿಯೂ ಖುಷಿಯೇ ಅಲ್ವಾ? ಆ ವರ್ಷ ಜರ್ಮನಿಯ ಬೀದಿಗಳಲ್ಲಿ ಅಂಥ ಖುಷಿ ಹಾಡಹಗಲೇ ಕಾಣುತ್ತಿತ್ತು.

ಅಡೋರ್ನೊ ಮತ್ತು ಹೋರ್ಕ್‌ಹೈಮರ್ ಸೇರಿ ಅಮೆರಿಕದಲ್ಲಿದ್ದಾಗ ಬರೆದ 'ಡಯಲೆಕ್ಟಿಕ್ ಆಫ್ ಎನ್‌ಲೈಟನ್‌ಮೆಂಟ್' ಪುಸ್ತಕದಲ್ಲಿ ನನ್ನನ್ನು ಜಾಸ್ತಿ ಕಾಡುವ ಭಾಗ ಪ್ರಾಚೀನ ಗ್ರೀಕ್ ಕವಿ ಹೋಮರನ ಕಮಲಭಕ್ಷಕರ ಕಥೆ. ಕಾವ್ಯದ ನಾಯಕ ಒಡಿಸ್ಸಿಯಸ್‌ನ ಕೆಲವು ನಾವಿಕರು ಒಂದು ದಡದಲ್ಲಿ ಜೇನಿನಂಥ ಆ ಹಣ್ಣು ತಿನ್ನುತ್ತಾರೆ, ಮನೆಯನ್ನೇ ಮರೆಯುತ್ತಾರೆ, ಇಲ್ಲೇ ಇರ್ತೀವಿ ಅನ್ನುತ್ತಾರೆ. ಅವನು ಅವರನ್ನು ಅಳುತ್ತಿದ್ದ ಹಾಗೇ ಎಳೆದು ತಂದು, ಹಡಗಿನ ಹಲಗೆಗಳ ಕೆಳಗೆ ಕಟ್ಟಿಹಾಕುತ್ತಾನೆ. ದುಡಿಮೆಗೆ ವಾಪಸ್. ಅಡೋರ್ನೊ, ಹೋರ್ಕ್‌ಹೈಮರ್ ಇಲ್ಲಿ ಯಾರ ಪಕ್ಷ? ಆ ಹಣ್ಣು ಕೊಡುವುದು ದುಃಖದ ಅರಿವೇ ಇಲ್ಲದ ಸ್ಥಿತಿ, ಹೆಚ್ಚೆಂದರೆ ಸುಖದ ಹೊರಮೈ ಅಷ್ಟೆ, ನಿಜವಾದ ಸುಖ ನೋವನ್ನು ದಾಟಿ ಬರಬೇಕು ಅನ್ನುತ್ತಾರೆ. ಹಾಗಾಗಿ ಒಡಿಸ್ಸಿಯಸ್ ಸರಿ. ಆದರೆ ಅಧಿಕಾರ ನಡೆಸುವ ಬುದ್ಧಿಗೆ ದುಡಿಯದೆ ಸಿಗುವ ಸುಖವನ್ನು ಕಂಡರೆ ಆಗುವುದಿಲ್ಲ ಅನ್ನೋದನ್ನೂ ಅವರು ಮುಚ್ಚಿಡುವುದಿಲ್ಲ. ಆ ನಾವಿಕರ ಅಳುವಿನಲ್ಲಿ ನ್ಯಾಯವಾದ ಏನೋ ಇದೆ ಅಂತ ನನಗೆ ಪ್ರತಿ ಸಲ ಅನಿಸುತ್ತದೆ. ಸಂಜೆ ಸುಸ್ತಾಗಿ ಬಂದು ಪರದೆಯ ಮುಂದೆ ಕೂತು ಎಲ್ಲ ಮರೆಯುವವರ ಬಗ್ಗೆ ಸಸಾರವಾಗಿ ಮಾತಾಡುವವರು ಈ ಪುಟಗಳನ್ನು ಒಮ್ಮೆ ಓದಬೇಕು. ಆ ಮರೆವಿನ ಆಸೆ ಸುಳ್ಳಲ್ಲ. ಅದಕ್ಕೆ ಸಿಗುತ್ತಿರುವ ಸರಕು ಸುಳ್ಳು.

2012ರಿಂದ ಬರುತ್ತಿರುವ ವಿಶ್ವ ಸಂತೋಷ ವರದಿಯೂ ನೆನಪಾಯಿತು. ಒಂದು ಏಣಿ ಕಲ್ಪಿಸಿಕೊಳ್ಳಿ, ತುದಿ 10, ಬುಡ 0, ನೀವು ಯಾವ ಮೆಟ್ಟಿಲ ಮೇಲಿದ್ದೀರಿ ಅಂತ ಕೇಳುತ್ತಾರೆ. ಉಪಯೋಗವಿಲ್ಲ ಅನ್ನಲಾರೆ, ದೇಶದೇಶಗಳ ನಡುವಿನ ಅಂತರ ಅದರಲ್ಲಿ ಕಾಣುತ್ತದೆ. ಆದರೆ ಏಣಿಯ ತುದಿಯಲ್ಲಿ ಏನಿರಬೇಕು ಅಂತ ಊಹಿಸುವ ಶಕ್ತಿಯನ್ನೇ ಬದುಕು ಕಿತ್ತುಕೊಂಡಿದ್ದರೆ, ಅಲ್ಪಕ್ಕೇ ಒಗ್ಗಿಹೋದವರೂ ಏಳೋ ಎಂಟೋ ಅಂದುಬಿಡಬಹುದು. 1951ರ 'ಮಿನಿಮಾ ಮೊರಾಲಿಯಾ' ಪುಸ್ತಕದಲ್ಲಿ ಅಡೋರ್ನೊ ಹೇಳುವುದು ಇನ್ನೂ ಕಷ್ಟದ ಮಾತು: ಸುಖದೊಳಗೆ ಇರುವವನಿಗೆ ಅದು ಗೊತ್ತಾಗುವುದಿಲ್ಲ, ಸುಖವಾಗಿದ್ದೆ ಅಂತ ಆಮೇಲೆ ಹೇಳಬಹುದು ಅಷ್ಟೆ.

ಮಾರ್ಕ್ಯೂಸ್ ಜೊತೆ ನನ್ನ ತಕರಾರು ಇರುವುದು ಅವನ 1964ರ 'ಒನ್-ಡೈಮೆನ್ಷನಲ್ ಮ್ಯಾನ್' ಪುಸ್ತಕದಲ್ಲಿ. ನಮ್ಮ ಎಷ್ಟೋ ಬಯಕೆಗಳು ಹೊರಗಿನಿಂದ ಹೇರಿದವು, ಸುಳ್ಳು ಬಯಕೆಗಳು ಅನ್ನುತ್ತಾನೆ. ಸರಿ, ಆದರೆ ಯಾವುದು ಸುಳ್ಳು ಅಂತ ಹೇಳೋರು ಯಾರು? ಕೊನೆಗೆ ಜನರೇ ಹೇಳಬೇಕು, ಆದರೆ ಅವರು ಸ್ವತಂತ್ರರಾದ ಮೇಲೆ, ಅನ್ನೋದು ಅವನ ಉತ್ತರ. ಅಲ್ಲಿಯವರೆಗೆ? ಅಡೋರ್ನೊ ಇಲ್ಲಿ ತೀರಾ ಸಾದಾ ಮಾತಾಡುತ್ತಾನೆ: ಇನ್ನು ಯಾರೂ ಹಸಿದಿರಬಾರದು. ವಿಮೋಚನೆಯಾದ ಸಮಾಜ ಏನು ಬಯಸಬೇಕು ಅಂತ ಕೇಳಿದವರಿಗೆ ಅವನು ಕೊಡುವ ಉತ್ತರ ಇದು. ನನಗೆ ಇದೇ ಹೆಚ್ಚು ಹಿಡಿಸುತ್ತದೆ, ಯಾಕಂದ್ರೆ ಇದನ್ನು ಒಪ್ಪೋಕೆ ಯಾರ ಆಸೆ ನಿಜ, ಯಾರದ್ದು ಸುಳ್ಳು ಅಂತ ಯಾರೂ ಜರಡಿ ಹಿಡಿಯಬೇಕಾಗಿಲ್ಲ.