ನೀರು ಇಳಿದಾಗ ಆಕ್ಟೋಪಸ್ ಹುಡುಕೋದು

ಬಂಡೆ ಹೊಂಡಗಳಲ್ಲಿ ಆಕ್ಟೋಪಸ್ ನೋಡ್ಬೇಕು ಅಂದ್ರೆ ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನ ದಿನಗಳೇ ಬೆಸ್ಟು, ಆಗ ಸಮುದ್ರ ಜಾಸ್ತಿ ಹಿಂದೆ ಸರಿಯುತ್ತೆ, ನೀರು ಇನ್ನೂ ಇಳೀತಾ ಇರೋವಾಗ್ಲೇ ಹೋಗ್ಬಿಡಿ. ನಾನು ಮೊದ್ಲು ಹುಡುಕೋದು ಅದು ತಿಂದು ಬಿಸಾಕಿರೋ ಏಡಿ ಚಿಪ್ಪುಗಳನ್ನ. ಬಿರುಕಿನ ಬಾಯಲ್ಲಿ ಚಿಪ್ಪಿನ ರಾಶಿ ಇದ್ರೆ ಒಳಗೆ ಅದು ಇರೋ ಚಾನ್ಸ್ ಜಾಸ್ತಿ.

ಮೊನ್ನೆ ಒಂದು ಹೊಂಡದ ಪಕ್ಕ ಅರ್ಧ ಗಂಟೆ ಅಲ್ಲಾಡದೆ ಕೂತಿದ್ದೆ, ಪಾಚಿ ಕಟ್ಟಿದ ಕಲ್ಲು ಅಂದ್ಕೊಂಡಿದ್ದು ನಿಧಾನಕ್ಕೆ ಕಣ್ಣು ಬಿಡ್ತು, ಅಡ್ಡಗೀಟಿನಂಥ ಕಪ್ಪು ಪಾಪೆ, ಆಮೇಲೆ ಒಂದೇ ಒಂದು ತೋಳು ಈಚೆ ಬಂದು ಕಲ್ಲಿನ ಸಂದಿಸಂದಿ ತಡಕಾಡೋಕೆ ಶುರು ಮಾಡ್ತು, ತೋಳಿನ ಅಡಿಯಲ್ಲಿರೋ, ಕಲ್ಲಿಗೆ ಅಂಟಿಕೊಳ್ಳೋ ಹೀರುಬಟ್ಟಲುಗಳಲ್ಲೇ ರುಚಿನೂ ಗೊತ್ತಾಗುತ್ತಂತೆ ಅದಕ್ಕೆ! ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೇ ಎರಡು ಪಾಲು ತೋಳುಗಳಲ್ಲೇ ಇರೋದು. ನನ್ನ ನೆರಳು ನೀರಿಗೆ ಬಿದ್ದಿದ್ದೇ ತಡ, ಕಂದು ಮೈ ಬೆಳ್ಳಗಾಗಿ ಸರ್ರಂತ ಒಳಗೆ ಹೋಯ್ತು.

ದಯವಿಟ್ಟು ಕೋಲು ಹಾಕಿ ಕೆಣಕ್ಬೇಡಿ, ಕೈಯಂತೂ ಹಾಕ್ಲೇಬೇಡಿ, ನೀಲಿ ಉಂಗುರದ ಜಾತಿ ಕಚ್ಚಿದ್ರೆ ಉಸಿರೇ ನಿಲ್ಲಬಹುದು. ಕಲ್ಲನ್ನೂ ಎತ್ಬೇಡಿ, ಅಡಿಯಲ್ಲಿ ತಾಯಿ ಮೊಟ್ಟೆ ಕಾಯ್ತಾ ಇರಬಹುದು, ಮರಿ ಆಗೋವರೆಗೂ ಅದು ಬೇಟೆನೇ ಬಿಟ್ಟು ಅಲ್ಲೇ ಕೂತಿರುತ್ತೆ.