ಬ್ಯಾಗು ಬೋರಲಾದಾಗ

ಇವತ್ತು ಬೆಳಿಗ್ಗೆ ಹ್ಯಾಂಡ್‌ಬ್ಯಾಗನ್ನು ಮಂಚದ ಮೇಲೆ ಬೋರಲು ಹಾಕಿದೆ. ಕೀ ಸಿಗುತ್ತಿರಲಿಲ್ಲ. ಹಳೇ ರಸೀದಿಗಳು, ಬಾಚಣಿಗೆ, ಮುಚ್ಚಳ ಇಲ್ಲದ ಪೆನ್ನು, ತಲೆನೋವಿನ ಮಾತ್ರೆ. ಕೀ ಮಾತ್ರ ಇಲ್ಲ! (ಬಾಗಿಲಲ್ಲೇ ನೇತಾಡುತ್ತಿತ್ತು, ಬಿಡಿ.)

ಆ ರಾಶಿ ನೋಡುತ್ತಾ ಸುಮ್ನೆ ಒಂದು ಯೋಚನೆ ಬಂತು. ಇದನ್ನೇ ರಸ್ತೆಯಲ್ಲಿ, ನಾಲ್ಕು ಜನರ ಎದುರು, ಪೊಲೀಸರು ಸುರಿದು ಕೆದಕಿದ್ದರೆ?

ಎಷ್ಟೋ ಕಡೆ ಲೈಂಗಿಕ ಕಾರ್ಯಕರ್ತೆಯರಿಗೆ ಇದು ಹೊಸದೇನಲ್ಲ. ಬ್ಯಾಗಲ್ಲಿ ಕಾಂಡೋಮ್ ಸಿಕ್ಕರೆ ಅದೇ ಸಾಕ್ಷಿ. ನ್ಯೂಯಾರ್ಕಿನಲ್ಲಿ ನಗರಾಡಳಿತವೇ ಕಾಂಡೋಮ್ ಪುಕ್ಕಟೆ ಹಂಚುತ್ತಿತ್ತು. ಅದೇ ಊರಿನ ಪೊಲೀಸರು ಅದನ್ನು ಕಿತ್ತುಕೊಂಡು ಸಾಕ್ಷಿ ಮಾಡುತ್ತಿದ್ದರು. ಹ್ಯೂಮನ್ ರೈಟ್ಸ್ ವಾಚ್ ಅನ್ನೋ ಮಾನವ ಹಕ್ಕುಗಳ ಸಂಸ್ಥೆ 2012ರಲ್ಲಿ ಇದರ ಮೇಲೇ ಒಂದು ವರದಿ ತಂದಿತು. ಹೆದರಿಕೊಂಡು ಆಕೆ ಬ್ಯಾಗನ್ನು ಖಾಲಿ ಇಟ್ಟುಕೊಂಡರೆ? ಎಚ್‌ಐವಿ ಏನು ಪೊಲೀಸರನ್ನು ಕೇಳಿ ಬರುತ್ತಾ?

ನಮ್ಮ ಸುಪ್ರೀಂ ಕೋರ್ಟ್ 2022ರ ಮೇ 19ರಂದು ಸ್ಪಷ್ಟವಾಗಿಯೇ ಹೇಳಿದೆ. ಕಾಂಡೋಮನ್ನು ಅಪರಾಧದ ಸಾಕ್ಷಿ ಅಂತ ನೋಡಬಾರದು. ಪೊಲೀಸರು ಬೈಯಬಾರದು, ಹೊಡೆಯಬಾರದು, ಘನತೆಯಿಂದ ನಡೆಸಿಕೊಳ್ಳಬೇಕು. ದಾಳಿಯಾದಾಗ ಲೈಂಗಿಕ ಕಾರ್ಯಕರ್ತೆಯರ ಗುರುತು ಮಾಧ್ಯಮದಲ್ಲಿ ಬರಬಾರದು.

ಬೈಯಬೇಡಿ, ಹೊಡೆಯಬೇಡಿ. ಇಷ್ಟನ್ನು ಹೇಳೋಕೆ ದೇಶದ ದೊಡ್ಡ ಕೋರ್ಟೇ ಬೇಕಾಯ್ತು ಅಲ್ವಾ? ನನಗೆ ಜಾಸ್ತಿ ಚುಚ್ಚಿದ್ದು ಅದೇ. ಆದೇಶ ಹೊರಬಿದ್ದ ಮಾತ್ರಕ್ಕೆ ರಾತ್ರಿ ಗಸ್ತಿನ ಲಾಠಿ ಕೆಳಗಿಳಿಯುತ್ತೆ ಅಂತ ನಂಬುವಷ್ಟು ಮುಗ್ಧೆ ನಾನಲ್ಲ.

ಎಲ್ಲವನ್ನೂ ಮತ್ತೆ ಬ್ಯಾಗಿಗೆ ತುಂಬಿದೆ. ಪೆನ್ನು ಮಾತ್ರ ಎಸೆದೆ. ಇದೆಲ್ಲ ಯಾಕೆ ಇಟ್ಟುಕೊಂಡಿದ್ದೀಯಾ ಅಂತ ಯಾರೂ ಕೇಳಲಿಲ್ಲ.